ಬರೆಯದೆ ಕಾಪಾಡಿದ ಹೆಸರು

ಶುಕ್ರವಾರ ಬೆಳಿಗ್ಗೆ ಹಳೇ ಶಾಲೆಯ ಕೋಣೆಯಲ್ಲಿ ಹೆಂಗಸರು ಮಸ್ತಿಹಾ ಕೆರೆಯಲು ಕೂತರೆಂದರೆ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ. ಮಸ್ತಿಹಾ ಅಂದರೆ ಗಿಡದ ಅಂಟು. ಬೇಸಿಗೆಯಲ್ಲಿ ತೊಗಟೆಗೆ ಗೀರು ಹಾಕಿ ಬಿಟ್ಟರೆ ಹನಿಹನಿಯಾಗಿ ಒಸರಿ, ಬುಡದಲ್ಲಿ ಹರಡಿದ ಬಿಳಿಮಣ್ಣಿನ ಮೇಲೆ ಬಿದ್ದು ಗಟ್ಟಿಯಾಗುತ್ತದೆ. ಚಳಿಗಾಲ ಪೂರ್ತಿ ಆ ಹನಿಗಳನ್ನು ಒಂದೊಂದಾಗಿ ಎತ್ತಿಕೊಂಡು ಸಣ್ಣ ಚಾಕುವಿನ ಮೊನೆಯಿಂದ ಕಸ ಕೆರೆದು ತೆಗೆಯಬೇಕು. ಯಂತ್ರದ ಕೈಲಿ ಆಗುವ ಕೆಲಸವಲ್ಲ, ಅವಸರದವರ ಕೈಲೂ ಆಗುವುದಿಲ್ಲ. ಖಿಯೋಸ್ ದ್ವೀಪದ ದಕ್ಷಿಣಕ್ಕೆ ಇರುವ ಈ ಹಳ್ಳಿಗಳಲ್ಲಿ ಹೆಂಗಸರು ಹುಟ್ಟುವಾಗಲೇ ಈ ಚಾಕು ಹಿಡಿದು ಹುಟ್ಟುತ್ತಾರೆ ಎಂದು ಗಂಡಸರು ಹೇಳುವುದುಂಟು. ಹೇಳಿ ಕಾಫಿ ಅಂಗಡಿಗೆ ಹೋಗುತ್ತಾರೆ.

ಆ ವರ್ಷ ಮೇಜಿನ ಮೇಲೆ ಮಸ್ತಿಹಾ ತಟ್ಟೆಗಳ ಪಕ್ಕದಲ್ಲಿ ನೀಲಿ ರಟ್ಟಿನ ಪುಸ್ತಕಗಳೂ ಕೂತಿದ್ದವು. ತಂದುಕೊಟ್ಟವಳು ಮಿರ್ಸಿನಿ. ಪುರಸಭೆಯವರ ಪರವಾಗಿ ಮನೆಮನೆಗೆ ಬಂದು ಮುದುಕರ ಬಿ.ಪಿ. ನೋಡಿ, ಔಷಧಿ ತಂದುಕೊಟ್ಟು, ಎರಡು ಮಾತಾಡಿಸಿ ಹೋಗುವ ಇಪ್ಪತ್ತೇಳರ ಹುಡುಗಿ. ಅಕ್ಟೋಬರಿನಲ್ಲಿ ಒಂದು ದಿನ ಪುಸ್ತಕಗಳ ಕಟ್ಟು ಹೊತ್ತು ಬಂದು, ಎಲ್ಲರ ಕೈಗೂ ಒಂದೊಂದು ಕೊಟ್ಟಿದ್ದಳು.

"ದಿನಕ್ಕೆ ಮೂರೇ ಮೂರು. ಇವತ್ತು ಯಾವುದನ್ನ ನೋಡಿ ಧನ್ಯವಾದ ಹೇಳ್ಬೇಕು ಅನ್ನಿಸ್ತೋ ಅದು. ದೊಡ್ಡದು ಬೇಡ, ಸಣ್ಣದೇ ಬರೀರಿ. ಬರೀತಾ ಬರೀತಾ ಮನಸ್ಸು ತಾನಾಗೇ ಒಳ್ಳೇದನ್ನ ಹುಡುಕೋಕೆ ಕಲಿಯುತ್ತೆ. ಸುಖ ಅನ್ನೋದು ಅಭ್ಯಾಸ ಕಣ್ರೀ, ಕಸೂತಿ ಇದ್ದ ಹಾಗೆ. ಶುಕ್ರವಾರ ಎಲ್ರೂ ಒಂದು ದಿನದ್ದು ಓದಿ ಹೇಳೋಣ."

ಮೊದಲ ವಾರ ನಗಾಡಿದರು. ಎರಡನೆಯ ವಾರ ಕದ್ದು ಬರೆದರು. ಮೂರನೆಯ ವಾರದಿಂದ ಯಾರು ಮೊದಲು ಓದಬೇಕು ಎಂದು ಜಗಳ ಶುರುವಾಯಿತು.

"ನಾನು ಓದ್ತೀನಿ," ಎಂದಳು ಪ್ಲುಮಿ, ಕನ್ನಡಕ ಏರಿಸುತ್ತ. "ಮಂಗಳವಾರ. ಒಂದು, ನನ್ನ ಗಂಡ ಸತ್ತು ಹನ್ನೊಂದು ವರ್ಷ ಆಯ್ತು, ದೇವರು ದೊಡ್ಡವನು. ಎರಡು, ನಮ್ಮತ್ತೆಯೂ ಸತ್ತಿದ್ದಾಳೆ. ಮೂರು, ಇಬ್ಬರನ್ನೂ ಒಂದೇ ಗೋರಿಗೆ ಹಾಕಿದ್ದೀವಿ. ಇನ್ನು ಅವರವರೇ ಕಿತ್ತಾಡ್ಕೊಳ್ಳಲಿ."

ಹೆಂಗಸರು ನಕ್ಕ ರಭಸಕ್ಕೆ ಒಂದು ತಟ್ಟೆ ಮಗುಚಿತು.

"ಕೀರಾ ಪ್ಲುಮಿ, ಹೀಗಲ್ಲ ಬರೆಯೋದು," ಎಂದಳು ಮಿರ್ಸಿನಿ, ತಾನೂ ನಗು ತಡೆಯಲಾರದೆ. ಹಿರಿಯ ಹೆಂಗಸರ ಹೆಸರಿಗೆ ಮೊದಲು 'ಕೀರಾ', ಹಿರಿಯ ಗಂಡಸರ ಹೆಸರಿಗೆ 'ಬಾರ್ಬಾ' ಸೇರಿಸುವುದನ್ನು ಅವಳು ನಗುವಾಗಲೂ ಮರೆಯುತ್ತಿರಲಿಲ್ಲ.

"ಯಾಕೆ ಮಗಳೇ? ಎದೆ ತುಂಬಿ ಬರ್ದಿದ್ದೀನಲ್ಲೇ!"

ಆಮೇಲೆ ಮರ್ಕೆಲ್ಲಾಳ ಸರದಿ. ಅರವತ್ತೆಂಟರ ಮರ್ಕೆಲ್ಲಾ ಓದಲು ನಿಂತರೆ ಕೋಣೆ ಸ್ವಲ್ಪ ಸದ್ದಡಗುತ್ತಿತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ಅವಳ ಬರವಣಿಗೆಯಲ್ಲಿ ಏನೋ ಇತ್ತು.

"ಬುಧವಾರ. ಬ್ರೆಡ್ಡು ಹದವಾಗಿ ಬೆಂದಿತ್ತು. ಅಡುಗೆಮನೆ ಕಿಟಕೀಲಿ ಹನ್ನೊಂದು ಗಂಟೆ ತನಕ ಬಿಸಿಲು ಕೂತಿತ್ತು. ನಮ್ಮ ಕತ್ತೆ ಕನೆಲಾ ಯಾರೂ ಕರೀದೆ ತಾನಾಗೇ ಮನೆಗೆ ಬಂದಳು."

"ನೋಡಿ, ಹೀಗಿರ್ಬೇಕು!" ಮಿರ್ಸಿನಿ ಚಪ್ಪಾಳೆ ತಟ್ಟಿದಳು. "ಅಂದ ಹಾಗೆ ಕೀರಾ ಮರ್ಕೆಲ್ಲಾ, ನಿಮ್ಮ ಮನೆಯವರನ್ನ, ಬಾರ್ಬಾ ಇಸಿದೋರನ್ನ, ಮೊನ್ನೆ ನೋಡ್ದೆ. ಅಜ್ಜನ ಮುಖದಲ್ಲಿ ಎಷ್ಟು ಕಳೆ ಬಂದಿದೆ! ಮೊದಲಿಗಿಂತ ಎಷ್ಟೋ ಚೆನ್ನಾಗಿ..."

ಮರ್ಕೆಲ್ಲಾಳ ಚಾಕು ಜಾರಿ ಬೆರಳಿಗೆ ತಾಗಿತು. ಅವಳು ಅದನ್ನು ಗಮನಿಸಲೂ ಇಲ್ಲ. ಕುಪ್ಪಸದ ಕತ್ತಿನ ಪಟ್ಟಿ ಎಳೆದು ಎದೆಯೊಳಕ್ಕೆ ಮೂರು ಸಲ ತೂ ತೂ ತೂ ಎಂದು ಉಗುಳಿದಳು.

"ಎಲ್ಲಿ ಚೆನ್ನಾಗಿದ್ದಾನೆ? ಇದ್ದಾನೆ ಅಷ್ಟೇ. ಹಳೇ ಕಬ್ಬಿಣ."

"ನೀನೂ ಉಗುಳೇ ಹುಡುಗಿ," ಪ್ಲುಮಿ ಗದರಿದಳು. "ಓದ್ದೋರು ಅಂತ ಕಣ್ಣು ಬೀಳೋದು ಬಿಡುತ್ತಾ? ಉಗುಳು."

ಮಿರ್ಸಿನಿ ನಗುತ್ತಲೇ ಉಗುಳಿದಳು. ಮರ್ಕೆಲ್ಲಾ ಅವಳ ಬಾಯನ್ನೇ ನೋಡುತ್ತ, ಮೂರೂ ಸಲ ಸರಿಯಾಗಿ ಆಯಿತೋ ಇಲ್ಲವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಅವಳ ಈ ಭಯಕ್ಕೆ ಕಾರಣವಿತ್ತು. ಅದನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಪ್ಲುಮಿಗೆ ಹೇಳಿರಲಿಲ್ಲ, ಪಾದ್ರಿಯ ಮುಂದೆ ಪಾಪ ಒಪ್ಪಿಸುವಾಗಲೂ ನುಂಗಿಕೊಂಡಿದ್ದಳು. ಆರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಸಂತ ಇಸಿದೋರನ ದಿನ. ಗಂಡನ ಹೆಸರಿನ ಹಬ್ಬವೆಂದು ಅಂಗಳದಲ್ಲಿ ಮೇಜು ಹಾಕಿ ಊರವರನ್ನೆಲ್ಲ ಕರೆದಿದ್ದರು. ಸುಟ್ಟ ಸಾರ್ಡಿನ್ ಮೀನು, ಅಂಜೂರದ ಸಾರಾಯಿ, ಒಬ್ಬ ಪಿಟೀಲಿನವನು. ಎರಡು ಗ್ಲಾಸು ಒಳಗೆ ಹೋದ ಮೇಲೆ ಮರ್ಕೆಲ್ಲಾ ಎದ್ದು ನಿಂತು, ಎಲ್ಲರ ಮುಂದೆ ಗಂಡನ ಭುಜದ ಮೇಲೆ ಕೈಯಿಟ್ಟು ಹೇಳಿದ್ದಳು: "ಮೂವತ್ತೆಂಟು ವರ್ಷ ಹಡಗಿನ ಇಂಜಿನ್ ಕೋಣೇಲಿ ಬೆಂದು ಬಂದೋನು ಇವನು. ಆದ್ರೂ ನೋಡಿ, ಇವತ್ತಿನ ತನಕ ಒಂದು ತಲೆನೋವು ಅಂತಿಲ್ಲ. ಕಲ್ಲು ಕಣ್ರೀ, ಕಲ್ಲು! ನನ್ನಷ್ಟು ಪುಣ್ಯ ಮಾಡಿದೋಳು ಯಾರಿದ್ದಾಳೆ?"

ಉಗುಳಲು ಮರೆತಿದ್ದಳು. ಮರ ಮುಟ್ಟಲೂ ಮರೆತಿದ್ದಳು. ಅಂಗಳದಲ್ಲಿದ್ದ ನಲವತ್ತು ಜನ ಒಟ್ಟಿಗೆ ತಲೆಯೆತ್ತಿ ಅವನನ್ನೇ ನೋಡಿದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಇಸಿದೋರನಿಗೆ ಉಸಿರು ಕಟ್ಟಿತು. ಪಟ್ಟಣದ ಆಸ್ಪತ್ರೆಯಲ್ಲಿ ಎರಡೂ ಮೂತ್ರಪಿಂಡ ಹೋಗಿವೆ ಎಂದರು. ವರ್ಷಗಟ್ಟಲೆ ಬಿ.ಪಿ. ಏರಿ ಕೂತಿತ್ತು, ಯಾರೂ ನೋಡಿಸಿರಲಿಲ್ಲ, ಅದೇ ಕಾರಣ ಎಂದು ವೈದ್ಯರು ಚಿತ್ರ ಬರೆದು ವಿವರಿಸಿದರು. ಮರ್ಕೆಲ್ಲಾ ತಲೆಯಾಡಿಸಿದಳು. ಕಾರಣ ಯಾರ ನಾಲಿಗೆಯೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಆರೂವರೆಗೆ ಟ್ಯಾಕ್ಸಿಯ ಝನ್ನಿಸ್ ಬಂದು ಹಾರ್ನ್ ಹೊಡೆಯುತ್ತಾನೆ, ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಹಾಕುತ್ತಾರೆ, ಮಧ್ಯಾಹ್ನ ಬೂದಿಬಣ್ಣದ ಮನುಷ್ಯನೊಬ್ಬ ಗೋಡೆ ಹಿಡಿದುಕೊಂಡು ಮನೆಗೆ ಬರುತ್ತಾನೆ.

"ಹೆಂಗಾಯ್ತು?" ಎಂದರೆ,

"ಒಗೆದು, ಹಿಂಡಿ, ಕೊಡವಿ ಕಳಿಸಿದ್ರು," ಎಂದು ಮಲಗುತ್ತಾನೆ.

ಅಂದಿನಿಂದ ಮರ್ಕೆಲ್ಲಾ ಗಂಡನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ, ಅವನ ಎದುರಿಗೂ ಸಹ. ಬೆಳಿಗ್ಗೆ ಅವನು ಕಣ್ಣುಬಿಟ್ಟರೆ, "ಮುದುಕಾ, ಇನ್ನೂ ಸಾಯ್ಲಿಲ್ವಾ?" ಎನ್ನುತ್ತಿದ್ದಳು. "ನಿನ್ನ ಕಾಫಿ ಕುಡಿದೇ ಸಾಯೋದು," ಎನ್ನುತ್ತಿದ್ದ ಅವನು. ಅಲ್ಲಿಗೆ ದಿನ ಶುರು. ಇದು ಇಬ್ಬರಿಗೂ ಅರ್ಥವಾದ ಆಟ ಎಂದು ಅವಳು ನಂಬಿದ್ದಳು. ದೃಷ್ಟಿ ತಾಗದಿರಲೆಂದು ಅವನ ಅಂಗಿಯ ಒಳಮಡಿಕೆಗೆ ನೀಲಿ ಮಣಿ ಪಿನ್ನು ಮಾಡಿದ್ದಳು. ಯಾರಾದರೂ ಹೇಗಿದ್ದಾನೆ ಎಂದರೆ, ಹಾಳಾಗಿದ್ದಾನೆ ಎನ್ನುತ್ತಿದ್ದಳು.

ಹಾಗಿರುವಾಗ ಈ ನೀಲಿ ಪುಸ್ತಕ ಬಂತು. ಕಾಗದ, ಶಾಯಿ, ಮೇಲೆ ಪ್ರತಿ ಶುಕ್ರವಾರ ಹನ್ನೆರಡು ಹೆಂಗಸರೆದುರು ಓದುವುದು. ಅವಳು ಬರೆಯಲಾರೆ ಎನ್ನಬಹುದಿತ್ತು. ಆದರೆ ಮೊದಲನೆಯ ದಿನ ಬರೆದಾಗಲೇ ಒಳಗೆ ಏನೋ ಸಡಿಲವಾಯಿತು. ಆರು ವರ್ಷದಿಂದ ಬಾಯಿ ಬಿಗಿದು ಕೂತವಳಿಗೆ ಯಾರೋ ಕಟ್ಟು ಬಿಚ್ಚಿ ಉಸಿರಾಡು ಎಂದ ಹಾಗೆ. ಹಾಗಾಗಿ ಒಂದು ಉಪಾಯ ಮಾಡಿಕೊಂಡಳು. ಧನ್ಯವಾದ ಹೇಳಬೇಕಾದದ್ದೆಲ್ಲ ಅವನದೇ. ಆದರೆ ಅವನ ಪಕ್ಕದಲ್ಲಿದ್ದ ವಸ್ತುವಿನ ಹೆಸರು ಬರೆಯುವುದು. ಅವನು ಎರಡು ತುಂಡು ಬ್ರೆಡ್ಡು ತಿಂದು ಇನ್ನೊಂದು ಕೇಳಿದ ದಿನ, "ಬ್ರೆಡ್ಡು ಹದವಾಗಿ ಬೆಂದಿತ್ತು." ಅವನು ಕಿಟಕಿಯ ಹತ್ತಿರ ಕೂತು ಹಳೆಯ ಹಡಗಿನ ಹಾಡು ಗುನುಗಿದ ದಿನ, "ಕಿಟಕೀಲಿ ಬಿಸಿಲು." ಕತ್ತೆಯನ್ನು ಬಾಗಿಲಿಗೆ ಕರೆದು ಅದರ ಕಿವಿಯಲ್ಲಿ ಏನೋ ಚಾಡಿ ಹೇಳಿ ನಕ್ಕ ದಿನ, "ಕನೆಲಾ ತಾನಾಗೇ ಬಂದಳು." ಯಾವ ಕಣ್ಣು ಬಿದ್ದರೂ ಬ್ರೆಡ್ಡಿನ ಮೇಲೆ ಬೀಳಲಿ, ಬಿಸಿಲಿನ ಮೇಲೆ ಬೀಳಲಿ.

ಮಿರ್ಸಿನಿ ಹೇಳಿದ್ದು ಸುಳ್ಳಾಗಲಿಲ್ಲ. ಮರ್ಕೆಲ್ಲಾಳಿಗೆ ಬೆಳಿಗ್ಗೆ ಏಳುವುದಕ್ಕೆ ಒಂದು ಆಸೆ ಬಂತು. ಇವತ್ತು ಅವನ ಯಾವ ಮಾತನ್ನು ಯಾವ ವಸ್ತುವಿನ ಹಿಂದೆ ಬಚ್ಚಿಡಲಿ ಎಂದು ಯೋಚಿಸುತ್ತ ಪಾತ್ರೆ ತೊಳೆಯುತ್ತಿದ್ದಳು. ಸುಖವಾಗಿದ್ದಳು ಎಂದೇ ಹೇಳಬೇಕು. ಆ ನಾಲ್ಕು ತಿಂಗಳು ಸುಖವಾಗಿದ್ದಳು.

ಫೆಬ್ರವರಿಯ ಒಂದು ಸೋಮವಾರ ಅವಳು ಗಿಡ ಸವರಲು ಹೋಗಿದ್ದಾಗ ಮಿರ್ಸಿನಿ ಮನೆಗೆ ಬಂದಳು. ಇಸಿದೋರನ ಬಿ.ಪಿ. ನೋಡಿದಳು. ಹೋಗುವಾಗ, ಒಳ್ಳೆಯ ಮನಸ್ಸಿನಿಂದಲೇ, ಬಾಗಿಲಲ್ಲಿ ನಿಂತು ಹೇಳಿದಳಂತೆ: "ಬಾರ್ಬಾ, ನಿಮ್ಮ ಹೆಂಡ್ತಿ ಬರೆದದ್ದು ಓದಿದ್ದೀರಾ? ಶುಕ್ರವಾರ ಒಂದೊಂದು ದಿನದ್ದೇ ಕೇಳಿ ನಮಗೆ ಹೊಟ್ಟೆ ತುಂಬುತ್ತೆ. ಇಡೀ ಪುಸ್ತಕದಲ್ಲಿ ನಿಮ್ಮ ಬಗ್ಗೆ ಏನೇನು ಬರೆದಿದ್ದಾರೋ! ಒಂದು ಸಲ ಓದಿ, ಔಷಧಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ."

ಮರ್ಕೆಲ್ಲಾ ಮಧ್ಯಾಹ್ನ ಮನೆಗೆ ಬಂದಾಗ ಅವನು ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದ. ಎದುರಿಗೆ ನೀಲಿ ಪುಸ್ತಕ.

"ಬಾ, ಕೂತ್ಕೋ," ಎಂದ. ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. "ಎಲ್ಲಾ ಓದ್ದೆ ಕಣೇ. ಮೊದಲ ಪುಟದಿಂದ. ಹುಡುಗಿ ಹಾಗೆ ಹೇಳಿದ್ಳಲ್ಲ, ಮದುವೆ ಹೆಣ್ಣಿನ ಹಾಗೆ ನಾಚ್ಕೊಂಡು ಶುರು ಮಾಡ್ದೆ. ಕತ್ತೆ ಒಂಬತ್ತು ಸಲ ಇದ್ದಾಳೆ. ಪ್ಲುಮಿ ನಾಲ್ಕು ಸಲ. ಕಸದ ಲಾರಿಯೋನು ಎರಡು ಸಲ. ಪಕ್ಕದ ಮನೆ ಕುಂಟು ಬೆಕ್ಕೂ ಇದೆ, ಪಾಪ. ನಾನಿಲ್ಲ."

"ಇಸಿದೋರ..."

"ತಪ್ಪು ಅಂತಿಲ್ಲ. ಮನುಷ್ಯರು ಇದ್ದದ್ದನ್ನ ತಾನೇ ಬರೆಯೋದು? ಆರು ವರ್ಷ ನನ್ನ ಹೇಲು ಉಚ್ಚೆ ಬಾಚಿದ್ದಕ್ಕೆ ಯಾರು ಧನ್ಯವಾದ ಬರೀತಾರೆ? ಆದ್ರೂ ಒಂದು ಸಲ ಇರುತ್ತೆ ಅಂದ್ಕೊಂಡೆ. ಕ್ರಿಸ್‌ಮಸ್ ದಿನ ನೋಡ್ದೆ. ನನ್ನ ಹುಟ್ಟುಹಬ್ಬದ ದಿನ ನೋಡ್ದೆ. 'ನೀರು ಬೇಗ ಕಾಯಿತು' ಅಂತಿದೆ."

ಮರ್ಕೆಲ್ಲಾ ಕೂತಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಮೇ ತಿಂಗಳ ಹಬ್ಬ, ಎರಡು ಗ್ಲಾಸು, ಕಲ್ಲು ಎಂದದ್ದು, ಉಗುಳಲು ಮರೆತದ್ದು, ನಲವತ್ತು ಜನರ ಕಣ್ಣು. "ನಿನ್ನನ್ನ ಈ ಸ್ಥಿತಿಗೆ ತಂದೋಳು ನಾನೇ. ಅದಕ್ಕೇ ಬರೀಲಿಲ್ಲ. ಬರೆದ್ರೆ ಉಳಿದದ್ದೂ ಹೋಗುತ್ತೆ ಅಂತ."

ಅವನು ಕನ್ನಡಕ ತೆಗೆದ. "ಅಂದ್ರೆ ನನ್ನ ಕಿಡ್ನಿ ತಿಂದೋಳು ನೀನಾ? ನಾನು ಹಡಗಿನ ಉಪ್ಪುಮೀನು ಅಂದ್ಕೊಂಡಿದ್ದೆ."

"ನಗಾಡ್ಬೇಡ."

"ಸಿಂಗಾಪುರದಿಂದ ಬ್ರೆಜಿಲ್ ತನಕ ಸುತ್ತಿದೀನಿ ಮರ್ಕೆಲ್ಲಾ. ಕಣ್ಣು ಬಿದ್ದು ಇಂಜಿನ್ ಕೆಟ್ಟದ್ದು ಎಲ್ಲೂ ನೋಡಿಲ್ಲ. ಎಣ್ಣೆ ಬಿಡದೆ ಕೆಟ್ಟದ್ದು ನೋಡಿದೀನಿ."

ಅವಳು ಪುಸ್ತಕ ಎಳೆದುಕೊಂಡಳು. "ಇಲ್ಲಿ ನೋಡು. ಈ ಬ್ರೆಡ್ಡು ನೀನೇ. ಅವತ್ತು ಮೂರನೇ ತುಂಡು ಕೇಳಿದ್ದೆ. ಈ ಬಿಸಿಲು ನೀನೇ, ಹಾಡು ಹೇಳ್ತಿದ್ದೆ. ನೀರು ಬೇಗ ಕಾಯ್ತು ಅಂದ್ರೆ, ನಿನ್ನ ಹುಟ್ಟುಹಬ್ಬದ ದಿನ ನಾನು ನಿನ್ನ ತಲೆ ತೊಳೆದೆ, ನೀನು ಕಣ್ಣು ಮುಚ್ಚಿ ಕೂತಿದ್ದೆ..."

"ಚೆನ್ನಾಗಿ ಕಟ್ತೀಯ," ಎಂದ ಅವನು. ಪುಟ ತಿರುಗಿಸಿ ಒಂದು ಕಡೆ ಬೆರಳಿಟ್ಟ. "ನವೆಂಬರ್ ಇಪ್ಪತ್ತು. 'ಬಟ್ಟೆ ಬೇಗ ಒಣಗಿದವು.' ಇದರಲ್ಲಿ ನಾನೆಲ್ಲಿದ್ದೀನಿ?"

ಮರ್ಕೆಲ್ಲಾ ಅಕ್ಷರಗಳನ್ನೇ ನೋಡಿದಳು. ತನ್ನದೇ ಕೈಬರಹ. ಬಟ್ಟೆ. ಒಣಗಿದ ಬಟ್ಟೆ. ಅದರ ಹಿಂದೆ ಅವನ ಏನನ್ನೋ ಇಟ್ಟಿದ್ದಳು, ಖಂಡಿತ ಇಟ್ಟಿದ್ದಳು. ಒಂದು ನಗುವೋ, ಒಂದು ಮಾತೋ. ನೆನಪಿಗೆ ಬರಲಿಲ್ಲ. ಕೆಳಗಿನ ಸಾಲು, "ನಿಂಬೆಗಿಡ ಚಿಗುರಿದೆ." ಅದೂ ಬರಲಿಲ್ಲ. ಪುಟ ಹಿಂದಕ್ಕೆ ಹಾಕಿದಳು, ಮುಂದಕ್ಕೆ ಹಾಕಿದಳು. ಕಳ್ಳರ ಕೈಗೆ ಸಿಗಬಾರದೆಂದು ಬಚ್ಚಿಟ್ಟದ್ದು ಅವಳ ಕೈಗೇ ಸಿಗದಾಗಿತ್ತು. ಹತ್ತರಲ್ಲಿ ಏಳು ಸಾಲು ಈಗ ಬರೀ ಬಟ್ಟೆ, ಬರೀ ನಿಂಬೆಗಿಡ.

"ನಾಳೆ ಝನ್ನಿಸ್ ಬಂದ್ರೆ ನಾನು ಬರಲ್ಲ ಅಂತ ಹೇಳ್ಬಿಡು," ಎಂದ ಇಸಿದೋರ.

"ಏನು ಹೇಳ್ತಿದ್ದೀಯ?"

"ಇನ್ನು ಹೋಗಲ್ಲ. ಸಾಕು."

ಯಂತ್ರ ನಿಲ್ಲಿಸಿದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಎಂದು ವೈದ್ಯರು ಮೊದಲೇ ಹೇಳಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಮರ್ಕೆಲ್ಲಾ ಪುಸ್ತಕ ತೆರೆದು ಕೂತಿದ್ದಳು. ಹೆಸರಿನ ಮೊದಲ ಅಕ್ಷರ ಬರೆದು, ನಿಲ್ಲಿಸಿ, ಬಾಗಿಲು ಕಿಟಕಿ ಹಾಕಿದೆಯೇ ನೋಡಿ ಬಂದು, ಮತ್ತೆ ಬರೆದಳು. ಇಸಿದೋರ. ನನ್ನ ಗಂಡ ಇಸಿದೋರ ಉಸಿರಾಡುತ್ತಾನೆ, ಪಕ್ಕದ ಕೋಣೆಯಿಂದ ಕೇಳಿಸುತ್ತದೆ. ಅವನು ಕಾಫಿ ಕುಡಿಯುವಾಗ ಸೊರ್ ಎನ್ನುತ್ತದೆ, ನಲವತ್ತೈದು ವರ್ಷ ಬೈದಿದ್ದೇನೆ, ಆ ಸದ್ದಿಗೆ ನಾನು ಋಣಿ. ಹಡಗಿನಿಂದ ಬಂದಾಗಲೆಲ್ಲ ಅವನು ಮೊದಲು ನನ್ನ ಹೆಸರು ಕೂಗಿ, ಆಮೇಲೆ ಪೆಟ್ಟಿಗೆ ಇಳಿಸುತ್ತಿದ್ದ. ಒಂದು ಪುಟ ತುಂಬಿತು, ಇನ್ನೊಂದು ಪುಟ ತುಂಬಿತು. ಅಷ್ಟು ವರ್ಷದ ಹೆದರಿಕೆಯನ್ನೆಲ್ಲ ಕಚ್ಚಿ ಹಿಡಿದು ಬರೆದಳು. ಕಾಫಿಯ ಜೊತೆ ತಂದು ಅವನ ಮುಂದಿಟ್ಟಳು.

ಅವನು ಓದಿದ. ಎರಡು ಸಲ ಓದಿದ.

"ಚೆನ್ನಾಗಿದೆ."

"ಮತ್ತೆ? ಶೂ ಹಾಕ್ಲಾ?"

"ಕೇಳಿ ಈಸ್ಕೊಂಡದ್ದು ಕಣೇ ಇದು. ಕ್ಯಾಪ್ಟನ್ ಬೈದ ಮಾರನೇ ದಿನ ನಮ್ಮ ಅಡುಗೆಯೋನು ಉಪ್ಪು ಸರಿಯಾಗಿ ಹಾಕ್ತಿದ್ದ. ನಮ್ಮ ಮೇಲಿನ ಪ್ರೀತಿಗಾ? ಟ್ಯಾಕ್ಸಿ ಬರೋ ಹೊತ್ತಿಗೆ ಬರ್ದಿದ್ದೀಯ. ನನ್ನನ್ನ ಹತ್ತಿಸೋಕೆ ಬರ್ದಿದ್ದೀಯ."

ಹೊರಗೆ ಹಾರ್ನ್ ಕೇಳಿಸಿತು. ಮರ್ಕೆಲ್ಲಾ ಹೋಗಿ, ಅವನಿಗೆ ಹೊಟ್ಟೆ ಸರಿಯಿಲ್ಲ, ಗುರುವಾರ ಬಾ ಎಂದು ಸುಳ್ಳು ಹೇಳಿ ಬಂದಳು.

ಬುಧವಾರ ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು. ಸುದ್ದಿ ಊರಿಗೆ ಗೊತ್ತಾಗಿತ್ತು. ಪ್ಲುಮಿ ಒಂದು ಬಟ್ಟಲು ನೀರು, ಎಣ್ಣೆಯ ಕುಡಿಕೆ ಹಿಡಿದು ಬಂದಳು. ದೃಷ್ಟಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಇಸಿದೋರನ ತಲೆಯ ಮೇಲೆ ಬಟ್ಟಲು ಹಿಡಿದು ಮಂತ್ರ ಗೊಣಗುತ್ತ, ಬೆರಳಿನಿಂದ ಮೂರು ಹನಿ ಎಣ್ಣೆ ಬಿಟ್ಟಳು. ಹನಿಗಳು ನಿಲ್ಲದೆ ಹರಡಿ ಮಾಯವಾದವು. ಪ್ಲುಮಿ ದವಡೆ ಕಳಚುವ ಹಾಗೆ ಆಕಳಿಸಿದಳು.

"ಅಯ್ಯಯ್ಯೋ, ಭಾರಿ ಕಣ್ಣು. ಹೆಂಗಸಿಂದೇ."

"ನಂದೇ," ಎಂದಳು ಮರ್ಕೆಲ್ಲಾ.

"ಬಾಯ್ಮುಚ್ಚೇ. ಯಾವ ಹೆಂಡ್ತಿ ಕಣ್ಣು ಗಂಡನಿಗೆ ತಾಗುತ್ತೆ? ತಾಗೋ ಹಾಗಿದ್ರೆ ನನ್ನೋನು ಮೊದಲನೇ ರಾತ್ರಿಗೇ ಹೋಗಿರ್ತಿದ್ದ."

ಇಸಿದೋರ ನಕ್ಕ, ನಕ್ಕು ಕೆಮ್ಮಿದ. ಅಷ್ಟರಲ್ಲಿ ಮಿರ್ಸಿನಿ ಓಡೋಡಿ ಬಂದು, ಅವನ ಮಂಡಿಯ ಹತ್ತಿರ ಕೂತು ಅತ್ತಳು. "ನಾನೇ ಓದಿ ಅಂದದ್ದು ಬಾರ್ಬಾ, ನನ್ನಿಂದಾನೇ ಆಯ್ತು."

"ಅಳ್ಬೇಡ ಮಗಳೇ. ಪುಸ್ತಕ ಚೆನ್ನಾಗಿತ್ತು. ನನಗೆ ಕತ್ತೆ ಭಾಗ ಬಹಳ ಹಿಡಿಸ್ತು."

ಅವರೆಲ್ಲ ಹೋದ ಮೇಲೆ ಮರ್ಕೆಲ್ಲಾ ಅವನ ಕೈ ಹಿಡಿದು ಬೇಡಿದಳು. ಹಾಗೆ ಬೇಡುವುದು ಅವಳಿಗೆ ಗೊತ್ತಿರಲಿಲ್ಲ. ಮಾತುಗಳು ಉಲ್ಟಾಪಲ್ಟಾ ಬಂದವು. ಒಂದು ತಿಂಗಳು, ಈಸ್ಟರ್ ತನಕ, ಒಂದು ವಾರವಾದರೂ. ಕೊನೆಗೆ ಅವನು, "ಆಯ್ತು, ನಾಳೆ ಹೋಗ್ತೀನಿ. ನಿನಗೋಸ್ಕರ," ಎಂದ.

ಗುರುವಾರ ಆರು ಗಂಟೆಗೆ ಅವಳು ಅವನ ಕಾಲ ಬುಡದಲ್ಲಿ ಕೂತು ಶೂ ಹಾಕುತ್ತಿದ್ದಳು. ಅವಳು ಹೇಳಿದ ಕಾಲನ್ನು ಹೇಳಿದಾಗ ಅವನು ಎತ್ತಿ ಕೊಡುತ್ತಿದ್ದ. ಅವಳು ಎರಡನೆಯ ಶೂವಿನ ದಾರ ಬಿಗಿಯುತ್ತ ತಲೆಯೆತ್ತಿ ನೋಡಿದಳು. ಇಸಿದೋರ ತನ್ನ ಎಡಗೈಯನ್ನು ನೋಡುತ್ತಿದ್ದ. ಸೂಜಿ ಚುಚ್ಚಿ ಚುಚ್ಚಿ ಆ ಕೈಯ ನರ ಹಗ್ಗದ ಗಂಟುಗಳಂತೆ ಎದ್ದಿತ್ತು. ಬಲಗೈಯಿಂದ ಅದನ್ನು ಮುಚ್ಚಿಕೊಂಡಿದ್ದ.

"ಇನ್ನೂ ಎಷ್ಟು ಸಲ ಕಣೇ?" ಎಂದ. ಅವಳನ್ನು ಕೇಳಿದ ಹಾಗಿರಲಿಲ್ಲ.

ಅವಳ ಬೆರಳುಗಳು ದಾರದ ಮೇಲೆ ನಿಂತವು. ಇಷ್ಟು ದಿನ ಅವನನ್ನು ಉಳಿಸಿಕೊಳ್ಳಬೇಕು ಎಂದುಕೊಂಡವಳು, ಅವನು ಹೀಗೆ ಕೈ ಮುಚ್ಚಿಕೊಂಡು ಎಷ್ಟು ಬೆಳಿಗ್ಗೆ ಕೂತಿದ್ದನೆಂದು ಒಮ್ಮೆಯೂ ನೋಡಿರಲಿಲ್ಲ. ಬ್ರೆಡ್ಡು ನೋಡಿದ್ದಳು, ಬಿಸಿಲು ನೋಡಿದ್ದಳು. ಇದನ್ನು ನೋಡಿರಲಿಲ್ಲ.

ಹಾರ್ನ್ ಕೇಳಿಸಿತು. ಮರ್ಕೆಲ್ಲಾ ಶೂವಿನ ಗಂಟು ಬಿಚ್ಚಿದಳು. ಎರಡೂ ಶೂ ತೆಗೆದು ಪಕ್ಕಕ್ಕಿಟ್ಟು ಹೊರಗೆ ಹೋದಳು.

"ಬಾರ್ಬಾ ರೆಡಿನಾ?" ಎಂದ ಝನ್ನಿಸ್, ಬಾಗಿಲು ತೆರೆಯಲು ಇಳಿಯುತ್ತ.

"ಬರಲ್ಲ. ಶನಿವಾರಾನೂ ಬರ್ಬೇಡ."

"ಏನಕ್ಕ ಹೀಗಂತೀಯ? ಎತ್ಕೊಂಡು ಬರ್ತೀನಿ ಬೇಕಾದ್ರೆ."

"ಎತ್ಕೊಂಡು ಬರೋದು ನನಗೂ ಆಗುತ್ತೆ. ಹೋಗಪ್ಪ ನೀನು."

ಅವನು ಐದು ನಿಮಿಷ ಇಂಜಿನ್ ನಿಲ್ಲಿಸದೆ ಕಾದ. ಆಮೇಲೆ ಟ್ಯಾಕ್ಸಿ ಓಣಿಯಲ್ಲಿ ಹಿಂದಕ್ಕೆ ಸರಿದು, ತಿರುವಿನಲ್ಲಿ ಗೋಡೆಗೆ ಸ್ವಲ್ಪ ಉಜ್ಜಿಕೊಂಡು, ಹೋಯಿತು. ಮರ್ಕೆಲ್ಲಾ ಸದ್ದು ನಿಲ್ಲುವವರೆಗೆ ನಿಂತಿದ್ದು ಒಳಗೆ ಬಂದಳು.

"ಹೋದ್ನಾ?"

"ಹೋದ."

ಇಸಿದೋರ ಬಿಗಿಹಿಡಿದಿದ್ದ ಉಸಿರು ಬಿಟ್ಟ. ಅಷ್ಟು ದೊಡ್ಡ ಉಸಿರು ಅವನೊಳಗೆ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಈಗ ಹೇಳ್ತೀನಿ, ಕೇಳು," ಎಂದಳು. "ನೀನು ಇದ್ದದ್ದಕ್ಕೇ ನನಗೆ ಬೆಳಗಾಗ್ತಿತ್ತು. ಬೇರೆ ಯಾವುದಕ್ಕೂ ಅಲ್ಲ. ಬರೆದದ್ದೆಲ್ಲ ನೀನೇ. ನನಗೆ ನೆನಪಿಲ್ಲದ್ದೂ ನೀನೇ."

ಅವನು ಪಕ್ಕಕ್ಕಿಟ್ಟ ಶೂಗಳನ್ನು ನೋಡಿ, ಅವಳತ್ತ ತಿರುಗಿದ.

"ಈಗ ನಂಬ್ತೀನಿ," ಎಂದ. "ಟ್ಯಾಕ್ಸಿ ಹೋಯ್ತಲ್ಲ."

ಮರ್ಕೆಲ್ಲಾ ಕುರ್ಚಿಯಿಂದ ಅರ್ಧ ಎದ್ದಳು. ತಡೆಯಲಾಗಲಿಲ್ಲ. "ನಂಬಿದ್ರೆ... ಝನ್ನಿಸ್‌ಗೆ ಫೋನ್ ಮಾಡ್ಲಾ? ಇನ್ನೂ ಚರ್ಚಿನ ಹತ್ತಿರಾನೇ ಇರ್ತಾನೆ."

"ಬೇಡ ಕಣೇ."

"ನಂಬ್ತೀನಿ ಅಂದ್ಯಲ್ಲ!"

"ನಂಬಿದೆ. ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ." ಅವನು ಮಾತು ಹುಡುಕಿದ. "ಸುಸ್ತಾಗಿದೆ ಮರ್ಕೆಲ್ಲಾ. ಹೋದ ವರ್ಷದಿಂದಾನೇ ಸುಸ್ತಾಗಿದೆ. ಸುಸ್ತಾಗಿದೆ ಅಂತ ನಿನ್ನ ಮುಖ ನೋಡಿ ಹೇಳೋಕೆ ಆಗ್ಲಿಲ್ಲ. ಪುಸ್ತಕ ಸಿಕ್ತು, ಮುನಿಸ್ಕೊಂಡೆ. ಮುನಿಸ್ಕೊಳ್ಳೋದು ಸುಲಭ ಆಯ್ತು. ನೀನು ನನ್ನ ಹೆಸರನ್ನ ಪ್ರತಿ ಸಾಲಲ್ಲೂ ಬರೆದಿದ್ರೂ ಇಷ್ಟೇ. ಸ್ವಲ್ಪ ದಿನ ತಡ ಆಗ್ತಿತ್ತು."

ಮೂರು ದಿನದಿಂದ ಮರ್ಕೆಲ್ಲಾ ತನ್ನ ತಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ತಪ್ಪಾದರೆ ತಿದ್ದಬಹುದು. ಬರೆಯದ್ದನ್ನು ಬರೆಯಬಹುದು, ಆಡದ್ದನ್ನು ಆಡಬಹುದು. ಈಗ ಅವನು ಅದನ್ನೂ ಮೆಲ್ಲಗೆ ಅವಳ ಕೈಯಿಂದ ತೆಗೆದುಬಿಟ್ಟಿದ್ದ. ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ.

"ಕಾಲು ಭಾರ ಆಗಿದೆ," ಎಂದ ಇಸಿದೋರ.

ಅವಳು ಅವನ ಒಂದು ಪಾದವನ್ನು ಎತ್ತಿ ತನ್ನ ಮಡಿಲಿನ ಮೇಲೆ ಇಟ್ಟುಕೊಂಡಳು. ಕಾಲುಚೀಲ ಬಿಡಿಸಿದಳು. ಎರಡು ಸರದಿ ತಪ್ಪಿದ್ದಕ್ಕೇ ಪಾದ ಊದಿ ಹೊಳೆಯುತ್ತಿತ್ತು, ಬೇರೆ ಯಾರದೋ ಕಾಲಿನಂತಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಒತ್ತಿದ ಕಡೆ ಗುಳಿ ಬಿತ್ತು. ಅದು ತುಂಬಿಕೊಳ್ಳುವುದನ್ನು ಕಾಯುತ್ತ ಕೂತಳು, ತುಂಬಿಕೊಳ್ಳಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಡೆ ಒತ್ತಿದಳು.

"ಹಾಂ, ಅಲ್ಲೇ," ಎಂದು ಅವನು ಕಣ್ಣು ಮುಚ್ಚಿದ. "ಹಾಯಾಗಿದೆ."